ಮಾವನ ಜೇಬಿಗೊಂದು ಚಾಕು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಚಾಕು. ಮಾವನವರು ಬಂದ ಮೇಲೆ ಅದೂ ಇಲ್ಲವಾಯಿತು.

ಇಲ್ಲವಾಯಿತು ಎಂದರೆ ಕಳೆದುಹೋಯಿತು ಎಂದಲ್ಲ. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಒಂದು ವಸ್ತು ಕಳೆದುಹೋಯಿತು ಎಂದು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಪದಾರ್ಥ ನಾಶವಾಗುವುದಿಲ್ಲ, ಸ್ಥಳ ಬದಲಿಸುತ್ತದೆ, ಅಷ್ಟೆ. ಬೆಳಿಗ್ಗೆ ಅಡುಗೆಮನೆಯಲ್ಲಿದ್ದ ಚಾಕು ತಿಂಡಿಯ ಹೊತ್ತಿಗೆ ಬಚ್ಚಲಿನ ಕಿಟಕಿಯ ಮೇಲೆ, ಮಧ್ಯಾಹ್ನ ಹೂಕುಂಡದ ಮಣ್ಣಿನಲ್ಲಿ, ಸಂಜೆ ದಿನಪತ್ರಿಕೆಯ ಮಡಿಕೆಯೊಳಗೆ ಸಂಪಾದಕೀಯಕ್ಕೆ ಗುರುತಾಗಿ ಸಿಗುತ್ತಿತ್ತು. ಮಾವನವರು ಪಾರ್ಸಲ್ ಕಚೇರಿಯಿಂದ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು; ಕೈ ಸುಮ್ಮನಿರುವುದನ್ನು ಇನ್ನೂ ಕಲಿತಿರಲಿಲ್ಲ. ಅಂಗಿಯ ಎದ್ದ ದಾರ, ಸೇಬು, ಪೆನ್ಸಿಲ್ಲು, ಗುಲಾಬಿಯ ಒಣಕಡ್ಡಿ, ಮಾತ್ರೆಯ ಪಟ್ಟಿಯ ಮೂಲೆ: ಅವರಿಗೆ ದಿನವಿಡೀ ಏನಾದರೊಂದು ಕತ್ತರಿಸುವುದು ಇದ್ದೇ ಇರುತ್ತಿತ್ತು.

"ರೀ, ಚಾಕು ಎಲ್ಲಿ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೂಗುವಳು.

"ಮಾವನವರ ಹತ್ರ ಇರಬೇಕು."

"ಅಪ್ಪಾ, ಚಾಕು ಎಲ್ಲಪ್ಪಾ?"

"ನಿನ್ನ ಹತ್ರಾನೇ ಇರಬೇಕು ಕಣಮ್ಮ. ಅಡುಗೆಮನೆ ನಿಂದು ತಾನೆ?"

ಅಪ್ಪ–ಮಗಳ ನಡುವಿನ ಈ ಯುದ್ಧದಲ್ಲಿ ನಾನು ತಟಸ್ಥ ರಾಷ್ಟ್ರವಾಗಿದ್ದೆ. ತಟಸ್ಥ ರಾಷ್ಟ್ರಕ್ಕೆ ಎರಡೂ ಕಡೆಯ ಗುಂಡು ಬೀಳುತ್ತದೆ ಎಂಬುದು ಇತಿಹಾಸ ಓದದವರಿಗೂ ಗೊತ್ತು. ಕೊನೆಗೊಂದು ದಿನ ಹೆಂಡತಿಯ ತಾಳ್ಮೆ ಕೆಟ್ಟಿತು. ಅರ್ಧ ಹೆಚ್ಚಿದ ತರಕಾರಿಯನ್ನು ಬಿಟ್ಟು ಇಡೀ ಮನೆ ಜಾಲಾಡಿ, ಚಾಕುವನ್ನು ಮಾವನವರ ಚಪ್ಪಲಿಯ ಪಕ್ಕದಲ್ಲಿ ಪತ್ತೆ ಮಾಡಿದಳು. ಅಂದಿನಿಂದ ಅಡುಗೆ ಮುಗಿಯುತ್ತಿದ್ದಂತೆ ಚಾಕು ಬೀರುವಿನೊಳಗೆ; ಬೀರುವಿನ ಕೀಲಿಕೈ ಅವಳ ಸೊಂಟದಲ್ಲಿ. ಮಾವನವರು ಅದನ್ನು ನೋಡಿದರು. ಸೇಬನ್ನು ಇಡಿಯಾಗಿ ಕಚ್ಚಲು ಹೋಗಿ, ಆಗದೆ, ತಟ್ಟೆಯಲ್ಲಿ ವಾಪಸ್ ಇಟ್ಟರು.

ಇದು ನಡೆದದ್ದು ಬಹಳ ಕೆಟ್ಟ ಸಮಯದಲ್ಲಿ. ಮಾವನವರು ನಮ್ಮ ಮನೆಗೆ ಪರೀಕ್ಷಾರ್ಥವಾಗಿ ಬಂದವರು. "ಒಂದು ತಿಂಗಳು ಇದ್ದು ನೋಡ್ತೀನಿ. ಹಿಡಿಸಿದ್ರೆ ಇರ್ತೀನಿ. ಇಲ್ದಿದ್ರೆ ದೊಡ್ಡೋಳ ಮನೆಗೆ ಹೋಗ್ತೀನಿ" ಎಂದು ಬಂದ ದಿನವೇ ಹೇಳಿದ್ದರು. ದೊಡ್ಡವಳು ಎಂದರೆ ನನ್ನ ಹೆಂಡತಿಯ ಅಕ್ಕ. ಆ ಮನೆಗೂ ನಮ್ಮ ಮನೆಗೂ ಪೈಪೋಟಿ. ತಿಂಗಳು ಮುಗಿಯುತ್ತ ಬಂದಿತ್ತು.

"ಅಕ್ಕನ ಮನೇಲಿ ಲಿಫ್ಟ್ ಇದೆ," ಎಂದಳು ಹೆಂಡತಿ. "ನಮ್ಮನೇಲಿ ನೀವಿದೀರಿ."

ಇದು ಹೊಗಳಿಕೆಯೋ ಮನೆಯ ಕುಂದುಕೊರತೆಯೋ ಎಂದು ನಾನು ಕೇಳಲಿಲ್ಲ. ಅವಳ ಕಣ್ಣು ತುಂಬಿತ್ತು. "ಅಪ್ಪ ಇಲ್ಲೇ ಇದ್ರೆ ನಂಗೆ ತವರು ಪಕ್ಕದ ಕೋಣೇಲೇ ಇದ್ದಂಗೆ ಕಣ್ರೀ. ನೀವೇ ಏನಾದ್ರೂ ಮಾಡಿ. ನಾನು ಬಾಯಿ ತೆಗೆದ್ರೆ ಜಗಳವೇ ಆಗುತ್ತೆ."

ನಾನು ಯೋಚಿಸಿದೆ. ಸಮಸ್ಯೆಯನ್ನು ಅದರ ಮೂಲಾಂಶಗಳಿಗೆ ಇಳಿಸಿ ನೋಡಿದರೆ ಉತ್ತರ ಕಣ್ಣೆದುರಿಗೇ ಇತ್ತು. ಇಬ್ಬರು ಮನುಷ್ಯರು, ಒಂದು ಚಾಕು. ಮನುಷ್ಯರನ್ನು ಕಡಿಮೆ ಮಾಡುವಂತಿಲ್ಲ. ಆದ್ದರಿಂದ ಚಾಕುವನ್ನು ಹೆಚ್ಚು ಮಾಡಬೇಕು. ಅದೂ ಅಡುಗೆಮನೆಯ ಚಾಕುವಲ್ಲ. ಮಾವನವರದ್ದೇ ಆದ, ಸದಾ ಅಂಗಿಯ ಜೇಬಿನಲ್ಲಿರುವ, ಮಡಚುವ ಚಾಕು. ಭಾನುವಾರ ಅವರಿಗೆ ಗೊತ್ತಾಗದಂತೆ ಜೇಬಿಗೆ ಸೇರಿಸಿಬಿಡಬೇಕು. ಜೇಬಿಗೆ ಕೈಹಾಕಿದಾಗ ಸಿಗಬೇಕು. ಈ ಗುಟ್ಟನ್ನು ಹೆಂಡತಿಗೂ ಹೇಳಲಿಲ್ಲ. ಅವಳಿಗೆ ಹೇಳಿದರೆ ಅವಳ ಮುಖ ಎಲ್ಲರಿಗೂ ಹೇಳಿಬಿಡುತ್ತದೆ.

ಜೇಬಿಗೆ ಚಾಕು ಎಂದ ಮೇಲೆ ಮೊದಲು ಜೇಬಿನ ಅಳತೆ ಬೇಕು. ಶನಿವಾರ ಬೆಳಿಗ್ಗೆ ತಾರಸಿಯಲ್ಲಿ ಮಾವನವರ ಅಂಗಿ ಒಣಗುತ್ತಿತ್ತು. ನಾನು ಸ್ಕೇಲು ಹಿಡಿದು, ಎಡಗಡೆಯ ಜೇಬಿನ ಆಳ, ಅಗಲ ನೋಡುತ್ತಿದ್ದೆ. ಹಿಂದೆ ಬಕೆಟ್ ಇಟ್ಟ ಸದ್ದಾಯಿತು. ಮೇಲ್ಮನೆಯ ಟೀಚರಮ್ಮ. ಎಷ್ಟೋ ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು. ಇಡೀ ಕಟ್ಟಡವನ್ನು ಇನ್ನೂ ಐದನೇ ಕ್ಲಾಸು ಎಂದೇ ತಿಳಿದಿದ್ದರು.

"ಏನಪ್ಪಾ ಅಳೀತಿದೀಯ, ಮಾವನ ಎದೆ ಮೇಲೆ?"

"ಎಷ್ಟು ಒಳಗೆ ಹೋಗುತ್ತೆ ಅಂತ ನೋಡ್ತಿದ್ದೆ ಟೀಚರ್," ಎಂದೆ. ಆಮೇಲೆ ಗುಟ್ಟು ನೆನಪಾಗಿ ದನಿ ತಗ್ಗಿಸಿದೆ. "ದಯವಿಟ್ಟು ಮಾವನಿಗೆ ಹೇಳಬೇಡಿ."

ಟೀಚರಮ್ಮ ಬಕೆಟ್ಟನ್ನು ಮತ್ತೆ ಎತ್ತಿಕೊಂಡರು. ಒಂದೂ ಬಟ್ಟೆ ಒಣಹಾಕಲಿಲ್ಲ.

ನಾನು ಮೆಟ್ಟಿಲಿಳಿಯುತ್ತಿದ್ದಾಗ ಫೋನು ಬಂತು. ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ. ಮಾವನವರಿಗೆ ಏನು ಉಡುಗೊರೆ ಎಂದು ವಾರದಿಂದ ನನಗಿಂತ ಹೆಚ್ಚು ತಲೆ ಕೆಡಿಸಿಕೊಂಡವನು. "ಏನು ತೀರ್ಮಾನ ಮಾಡ್ದೆ?" ಎಂದ.

"ಸ್ವೆಟರ್ ಹಾಕೋಣ ಅಂದ್ಕೊಂಡೆ, ಅವರಿಗೆ ಸೆಖೆ. ಹೊಸ ಕನ್ನಡಕ ಹಾಕ್ಸೋಣ ಅಂದ್ಕೊಂಡೆ, ಹಳೇದೇ ಸಾಕು ಅಂತಾರೆ," ಎಂದು ನಾನು ವಿವರಿಸಿದೆ. ತಿರುವಿನಲ್ಲಿ ಫೋನು ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ಮುಂದಿನ ಮಾತನ್ನು ಗಟ್ಟಿಯಾಗಿ ಹೇಳಬೇಕಾಯಿತು. "ಕೊನೆಗೆ ಮಾವನಿಗೆ ಚಾಕೂನೇ ಹಾಕೋದು ಅಂತ ತೀರ್ಮಾನ ಆಯ್ತು! ಹೂಂ, ನಾಳೇನೇ! ಅವರು ಮಲಗಿರೋವಾಗ!"

ನನ್ನ ಹಿಂದೆ ಬಕೆಟ್ಟು ಉರುಳಿ, ನನಗಿಂತ ಮೊದಲು ಕೆಳಗೆ ತಲುಪಿತು. ವಯಸ್ಸಾದವರು, ಕೈ ಜಾರಿರಬೇಕು ಎಂದುಕೊಂಡು ನಾನೇ ಎತ್ತಿಕೊಟ್ಟೆ. ಟೀಚರಮ್ಮ ಗೋಡೆಗೆ ಒರಗಿ ನಿಂತು, ಬಕೆಟ್ಟನ್ನು ಗುರಾಣಿಯಂತೆ ಎದೆಗೆ ಹಿಡಿದುಕೊಂಡರು.

ಸಂಜೆ ಅಂಗಡಿಗೆ ಹೋದೆ. ಬೀಗ, ಮೊಳೆ, ನಲ್ಲಿ, ಪಾತ್ರೆ, ಕತ್ತರಿ ಎಲ್ಲ ಮಾರುವ ಅಂಗಡಿ. ಪಾತ್ರೆಗಳ ಮೇಲೆ ಹೆಸರು ಕೊರೆಯುವ ಯಂತ್ರವೂ ಇತ್ತು. ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಚಾಕುಗಳನ್ನು ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟ.

"ಯಾತಕ್ಕೆ ಸಾರ್? ತರಕಾರಿಗಾ?"

"ಇಲ್ಲ, ಮಾವನಿಗೆ."

ಅವನು ನನ್ನ ಮುಖ ನೋಡಿದ. ನಾನು ಚಾಕುಗಳನ್ನು ನೋಡುತ್ತಿದ್ದೆ.

ಚಾಕು ಆರಿಸುವುದು ಜನ ತಿಳಿದಂತೆ ಸುಲಭದ ಕೆಲಸವಲ್ಲ. ಮೊದಲನೆಯದರಲ್ಲಿ ಗರಗಸ, ಕತ್ತರಿ, ತಿರುಪುಳಿ, ಹಲ್ಲುಕಡ್ಡಿ ಎಲ್ಲ ಇತ್ತು. ಭಾರಕ್ಕೆ ಜೇಬು ಹೊಟ್ಟೆಯವರೆಗೆ ಜೋತುಬೀಳುತ್ತದೆ. ಎರಡನೆಯದರ ಅಲಗು ತೆರೆಯಲು ಉಗುರಿನ ತುದಿ ಸಿಕ್ಕಿಸಿ ಎಳೆಯಬೇಕು. ಮಾವನವರ ಉಗುರಿಗೆ ಆ ಶಕ್ತಿ ಇಲ್ಲ. ಮೂರನೆಯದು ತೆರೆದು ನಿಲ್ಲುತ್ತಿತ್ತು, ಆದರೆ ಒತ್ತಿದರೆ ತಟ್ಟನೆ ಮಡಚಿಕೊಳ್ಳುತ್ತಿತ್ತು.

"ಒಂದೇ ಕೈಯಲ್ಲಿ ತೆರೆಯೋ ಹಾಗಿರಬೇಕು," ಎಂದೆ. "ಇನ್ನೊಂದು ಕೈಯಲ್ಲಿ ಹಿಡ್ಕೊಂಡಿರಬೇಕಲ್ಲ."

"ಯಾರನ್ನ... ಏನನ್ನ ಸಾರ್?"

"ಆ ಹೊತ್ತಿಗೆ ಏನು ಸಿಗುತ್ತೋ ಅದನ್ನ. ಮತ್ತೆ ಅಲಗು ಗಟ್ಟಿಯಾಗಿ ಲಾಕ್ ಆಗಬೇಕು. ಅರ್ಧದಲ್ಲಿ ಮಡಚಿಕೊಂಡ್ರೆ ಬೆರಳು ಹೋಗುತ್ತೆ, ಕೆಲಸವೂ ಕೆಡುತ್ತೆ."

"ಸಾರ್," ಎಂದ ಅಂಗಡಿಯವನು ಮೆಲ್ಲಗೆ, "ಮಾವ ಬಹಳ ಕಾಟ ಕೊಡ್ತಾರಾ?"

"ಛೆ ಛೆ! ದೇವರಂಥ ಮನುಷ್ಯ. ಅದಕ್ಕೇ ಮಾಡ್ತಿರೋದು."

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ನಮ್ಮ ಕೆಳಮನೆಯ ಹೆಡ್ ಕಾನ್‌ಸ್ಟೇಬಲ್ಲು. ರಜೆಯ ದಿನ, ಮನೆಯ ಬಟ್ಟೆಯಲ್ಲಿ, ನಲ್ಲಿಗೆ ವಾಷರ್ ಕೊಳ್ಳಲು ಬಂದವರು. ಅವರ ಕೈಯಲ್ಲಿದ್ದ ವಾಷರ್ ಬಹಳ ಹೊತ್ತಿನಿಂದ ಅಲ್ಲೇ ಇದ್ದಂತೆ ಕಂಡಿತು.

"ಏನ್ ಸಾರ್, ಖರೀದಿ?"

ಗುಟ್ಟು ಕಾಪಾಡಬೇಕಲ್ಲ! ಕೈಯಲ್ಲಿದ್ದುದನ್ನು ತಟ್ಟನೆ ಬೆನ್ನ ಹಿಂದೆ ಹಿಡಿದೆ. "ಥರ್ಮಾಮೀಟರು," ಎಂದೆ.

"ಮಾವನಿಗಾ?"

"ಹೂಂ."

ಆ ಅಂಗಡಿಯಲ್ಲಿ ಥರ್ಮಾಮೀಟರು ಮಾರುವುದಿಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಕಾನ್‌ಸ್ಟೇಬಲ್ಲರಿಗೆ ಅಲ್ಲೇ ಹೊಳೆದಿತ್ತು.

ಅವರು ಹೋದ ನಂತರ ನನ್ನ ಚಾಕು ಸಿಕ್ಕಿತು. ಮರದ ಹಿಡಿ, ಅಂಗೈಗೆ ಕೂಡುವ ಸೈಜು, ಚುಚ್ಚದಂತೆ ಬಾಗಿಸಿದ ಮೊಂಡು ಮೊನೆ. ಹೆಬ್ಬೆರಳು ತಾಗಿಸಿದರೆ ಅಲಗು ಸಲೀಸಾಗಿ ತೆರೆದು, ಟಕ್ ಎಂದು ನಿಲ್ಲುತ್ತದೆ. ಮಾವನವರ ಬೆರಳುಗಳನ್ನು ನೆನೆದು, ಕಣ್ಣು ಮುಚ್ಚಿ, ಎಡಗೈಯಲ್ಲಿ ತೆರೆದು ಮುಚ್ಚಿ ನೋಡಿದೆ. ಬಹಳ ಹಿತವಾಯಿತು. ಅಂಗಡಿಯವನು ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದ. ಹಿಡಿಯ ಮೇಲಿನ ಲೋಹದ ಪಟ್ಟಿಯಲ್ಲಿ "ಪ್ರೀತಿಯ ಮಾವನವರಿಗೆ" ಎಂದು ಕೊರೆಯಲು ಹೇಳಿದಾಗ ಅವನು ಒಂದು ಕಣ್ಣನ್ನು ನನ್ನ ಮೇಲೇ ಇಟ್ಟು ಕೊರೆದದ್ದರಿಂದ "ಪ್ರೀ" ಸ್ವಲ್ಪ ಸೊಟ್ಟಗಾಯಿತು.

ಭಾನುವಾರ ನಮ್ಮ ಮನೆಗೆ ಇದ್ದಕ್ಕಿದ್ದಂತೆ ಜನಪ್ರಿಯತೆ ಬಂತು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಟೀಚರಮ್ಮ ಮಾವನವರ ಮಂಚದ ಪಕ್ಕದ ಕುರ್ಚಿಯಲ್ಲಿ ಉಲ್ಲನ್ನು ಹೆಣೆಯುತ್ತ ಕೂತಿದ್ದರು. ಕಾನ್‌ಸ್ಟೇಬಲ್ಲು ನಮ್ಮ ನಲ್ಲಿ ಸೋರುತ್ತಿದೆ ಎಂದು ಬಂದವರು, ಸೋರದ ನಲ್ಲಿಯನ್ನು ಒಂದು ಗಂಟೆ ರಿಪೇರಿ ಮಾಡಿದರು. ಇಬ್ಬರೂ ಮಾವನವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಮಾವನವರು ನನ್ನ ಕಡೆ ಒಮ್ಮೆ ನೋಡಿ, ತಲೆಯಾಡಿಸಿ, ಪತ್ರಿಕೆ ಓದತೊಡಗಿದರು.

"ನೋಡಪ್ಪಾ," ಎಂದು ಟೀಚರಮ್ಮ ನನ್ನನ್ನು ಕರೆದರು. "ಸಿಟ್ಟು ಬಂದಾಗ ಹತ್ತರವರೆಗೆ ಎಣಿಸೋ ಅಭ್ಯಾಸ ಉಂಟಾ?"

"ನಾನು ಸಾವಿರದವರೆಗೂ ಎಣಿಸ್ತೀನಿ ಟೀಚರ್. ಸಿಟ್ಟೇ ಬೇಕಾಗಿಲ್ಲ. ಕ್ರಿಮಿಗಳನ್ನ ಎಣಿಸೋದೇ ನನ್ನ ಕೆಲಸ."

"ಅಯ್ಯೋ!" ಎಂದರು ಟೀಚರಮ್ಮ. "ಎಷ್ಟು ತಣ್ಣಗೆ ಹೇಳ್ತಾನೆ ನೋಡಿ."

ಕಾನ್‌ಸ್ಟೇಬಲ್ಲು ನನ್ನ ಹೆಗಲ ಮೇಲೆ ಕೈಯಿಟ್ಟು ಬಾಲ್ಕನಿಗೆ ಕರೆದೊಯ್ದರು. "ಸಾರ್, ನೀವು ಓದಿದೋರು. ನಮ್ಮ ಸ್ಟೇಷನ್ನು ನೋಡಿದೀರಾ? ಕತ್ತಲೆ. ಸೊಳ್ಳೆ. ಕುಡಿಯೋ ನೀರೂ ಚೆನ್ನಾಗಿಲ್ಲ. ನಿಮ್ಮಂಥೋರು ಅಲ್ಲಿಗೆ ಬರೋ ಹಾಗೆ ಆಗಬಾರದು."

"ಯಾಕೆ ಸಂಕೋಚ? ಕರೀರಿ, ಬರ್ತೀನಿ," ಎಂದೆ. "ಎರಡು ಬಾಟಲಿ ನೀರು ತುಂಬ್ಕೊಂಡು ಹೋಗಿ ಪರೀಕ್ಷೆ ಮಾಡಿ ಕೊಟ್ರಾಯ್ತು."

ಅವರು ನನ್ನ ಹೆಗಲಿನಿಂದ ಕೈ ತೆಗೆದು, ಬಾಲ್ಕನಿಯಲ್ಲೇ ಕುರ್ಚಿ ಹಾಕಿಕೊಂಡರು. ಅವರ ಸೇವಾವಧಿಯಲ್ಲಿ ನನ್ನಂಥ ಗಟ್ಟಿ ಆಸಾಮಿಯನ್ನು ಕಂಡಿರಲಿಲ್ಲ ಎಂದು ಆಮೇಲೆ ಹೇಳಿದರು.

ಮಧ್ಯಾಹ್ನ ಊಟವಾಯಿತು. ಮಾವನವರು ಅಂಗಿ ತೊಟ್ಟೇ ಮಲಗಿದರು. ಕುರ್ಚಿಯಲ್ಲಿ ಟೀಚರಮ್ಮ ಕಾವಲಿದ್ದರು; ಆದರೆ ಊಟದ ಮೇಲಿನ ನಿದ್ದೆ ಕಾವಲುಗಾರರನ್ನೇ ಮೊದಲು ಹಿಡಿಯುತ್ತದೆ. ಅವರ ಗಲ್ಲ ಉಲ್ಲಿನ ಉಂಡೆಗೆ ತಾಗಿತ್ತು. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ತುದಿಗಾಲಲ್ಲಿ ಒಳಗೆ ಹೋದೆ. ಎಡಗಡೆಯ ಜೇಬು ಉಸಿರಿನೊಂದಿಗೆ ಏರಿ ಇಳಿಯುತ್ತಿತ್ತು. ಚಾಕುವನ್ನು ಹೊರತೆಗೆದೆ. ಆಗ ಒಂದು ಅನುಮಾನ ಬಂತು: ಹೊಸ ಚಾಕುವಿನ ಕೀಲಿಗೆ ಎಣ್ಣೆ ಸವರಿರುತ್ತಾರೆ, ಅದು ಅಂಗಿಗೆ ಕಲೆ ಮಾಡಿದರೆ? ಒರೆಸಿಬಿಡೋಣ ಎಂದು ಅಲಗನ್ನು ತೆರೆದೆ. ಟಕ್ ಎಂದಿತು. ಕಿಟಕಿಯ ಬಿಸಿಲು ಅಲಗಿಗೆ ಬಿದ್ದು ಮಾವನವರ ಮೂಗಿನ ಮೇಲೆ ಆಡಿತು.

ಅವರು ಒಂದು ಕಣ್ಣು ತೆರೆದರು.

"ಏನು ಅಳಿಯಂದ್ರೇ?"

"ಏನಿಲ್ಲ ಮಾವ," ಎಂದೆ ನಿರಾಸೆಯಿಂದ. "ನೀವು ಮಲಗಿರೋವಾಗಲೇ ಹಾಕಿ ಹೋಗೋಣ ಅಂತ ಬಂದೆ. ಎಚ್ಚರ ಆಗಿಬಿಡ್ತಲ್ಲ, ಛೆ."

ಕೂಗಿದ್ದು ಮಾವನವರಲ್ಲ, ಟೀಚರಮ್ಮ. ಐವತ್ತು ಮಕ್ಕಳ ಗದ್ದಲವನ್ನು ಅಡಗಿಸಿದ ಕಂಠ ಅದು. ಬಾಲ್ಕನಿಯಿಂದ ಕಾನ್‌ಸ್ಟೇಬಲ್ಲು ಸ್ಪ್ಯಾನರ್ ಹಿಡಿದು ಹಾರಿ ಬಂದರು. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದು ಬಂದಳು. ಟೀಚರಮ್ಮ ಹೆಣಿಗೆಯ ಎರಡೂ ಕಡ್ಡಿಗಳನ್ನು ನನ್ನ ಕಡೆ ಚಾಚಿದ್ದರು. ಆ ಕೋಣೆಯಲ್ಲಿ ಎಲ್ಲರಿಗಿಂತ ಮೊಂಡಾದ ಆಯುಧ ಇದ್ದದ್ದು ನನ್ನ ಕೈಯಲ್ಲೇ.

"ಕೆಳಗಿಡಿ ಸಾರ್!" ಎಂದರು ಕಾನ್‌ಸ್ಟೇಬಲ್ಲು.

"ಒಂದು ನಿಮಿಷ. ಹೀಗೇ ಇಟ್ರೆ ಯಾರಾದ್ರೂ ತುಳೀತಾರೆ. ಮಡಚಿ ಇಡ್ತೀನಿ." ಲಾಕು ಬಿಡಿಸಿ, ಮಡಚಿ, ಕೊಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಹಿಡಿಯ ಮೇಲಿನ ಅಕ್ಷರ ಕಂಡಿತು. ಕೂಡಿಸಿ ಓದಿದರು. "ಪ್ರೀ... ತಿಯ... ಮಾವನವರಿಗೆ." ಅವರ ಮುಖ ಸೋತುಹೋಯಿತು. "ಸಾರ್, ಯಾರಿಗೆ ಅಂತ ಆಯುಧದ ಮೇಲೇ ಬರೆಸ್ಕೊಂಡು ಬಂದೋರು ನೀವೇ ಮೊದಲು."

"ಅಲ್ರೀ, ಇದೇನಿದು?" ಎಂದಳು ಹೆಂಡತಿ.

"ಉಡುಗೊರೆ ಕಣೇ! ಮಾವನಿಗೆ ಅವರದ್ದೇ ಒಂದು ಚಾಕು. ಜೇಬಿಗೆ ಹಾಕೋಣ ಅಂತ ಬಂದೆ."

"ಜೇಬಿಗೆ," ಎಂದರು ಕಾನ್‌ಸ್ಟೇಬಲ್ಲು.

"ಜೇಬಿಗೆ!" ಎಂದರು ಟೀಚರಮ್ಮ. ಅವರು ಕುರ್ಚಿಯಲ್ಲಿ ಕುಸಿದು, ಕಡ್ಡಿಗಳನ್ನು ಮಡಿಲಲ್ಲಿ ಇಟ್ಟರು. "ಮತ್ತೆ ನಿನ್ನೆ ಮೆಟ್ಟಿಲ ಮೇಲೆ, ಮಾವನಿಗೆ ಚಾಕು ಹಾಕೋದು ಅಂತ ಕೂಗಿದ್ಯಲ್ಲೋ!"

"ಸ್ವೆಟರ್ ಹಾಕ್ತೀವಿ ಅಂತಾರಲ್ಲ ಟೀಚರ್, ಹಾಗೇ..."

"ಸ್ವೆಟರ್ ಹಾಕಬಹುದು, ಬಾಗಿಲು ಹಾಕಬಹುದು, ಲೆಕ್ಕ ಹಾಕಬಹುದು. ಚಾಕು ಹಾಕಬಾರದು! ಚಾಕು ಕೊಡೋದು ಅನ್ನಬೇಕು. ನಿನಗೆ ಕನ್ನಡ ಹೇಳಿಕೊಟ್ಟೋರು ಯಾರು?"

ನಾನು ತಲೆ ತಗ್ಗಿಸಿದೆ. ಒಂದೇ ಒಂದು ಕ್ರಿಯಾಪದ ನನ್ನನ್ನು ಜೈಲಿನ ಬಾಗಿಲವರೆಗೆ ಕರೆದೊಯ್ದು ವಾಪಸ್ ಬಿಟ್ಟಿತ್ತು. ವಿಜ್ಞಾನ ಓದುವ ಮಕ್ಕಳಿಗೆ ವ್ಯಾಕರಣವನ್ನು ಕಡ್ಡಾಯ ಮಾಡಬೇಕೆಂಬ ನನ್ನ ಅಭಿಪ್ರಾಯ ಆ ಮಧ್ಯಾಹ್ನದ್ದು.

ಹೆಂಡತಿ ನಗುತ್ತ ಮಂಚದ ಅಂಚಿಗೆ ಕೂತಳು. ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದಳು. ನಗು ನಿಂತಿತು.

ಮಂಚದ ಕೆಳಗೆ ಮಾವನವರ ಪೆಟ್ಟಿಗೆ. ಸುತ್ತಲೂ ಹುರಿಹಗ್ಗ ಬಿಗಿದು ಕಟ್ಟಿತ್ತು.

"ಅಪ್ಪಾ... ಇದೇನಪ್ಪಾ?"

"ನಾಲ್ಕು ಗಂಟೆಗೆ ಟ್ಯಾಕ್ಸಿ ಹೇಳಿದೀನಿ," ಎಂದರು ಮಾವನವರು. "ದೊಡ್ಡೋಳ ಮನೆಗೆ."

"ಈ ಟೀಚರಮ್ಮನ ಮಾತು ನಂಬಿಕೊಂಡಾ?"

"ಛೆ! ಅಳಿಯಂದ್ರು ಸೊಳ್ಳೆ ಹೊಡೆಯೋಕೂ ಮೊದಲು ಅದರ ಅಳತೆ ತಗೊಳ್ಳೋ ಜನ. ಇವರು ನನಗೆ ಚಾಕು ಹಾಕ್ತಾರಾ? ಅವರಿಬ್ಬರೂ ಹೇಳಿದಾಗ ನಗು ತಡೆಯೋಕಾಗದೆ ಪೇಪರ್ ಅಡ್ಡ ಹಿಡ್ಕೊಂಡೆ." ಆಮೇಲೆ ಅವರ ದನಿ ಸಣ್ಣದಾಯಿತು. "ಟ್ಯಾಕ್ಸಿ ಹೇಳಿದ್ದು ಅದಕ್ಕೂ ಮುಂಚೆ. ನೀನು ಬೀರುಗೆ ಬೀಗ ಹಾಕಿದ ದಿನ. ಒಂದು ಚಾಕೂ ನನ್ನ ಕೈಗೆ ಸಿಗಬಾರದು ಅಂತ ಮಗಳು ಬೀಗ ಹಾಕೋದಾದ್ರೆ, ನಾನು ಈ ಮನೇಲಿ ನೆಂಟ ಅಂತ ತಾನೆ ಅರ್ಥ? ನೆಂಟ ಎಷ್ಟು ದಿನ ಇರಬೇಕೋ ಅಷ್ಟು ದಿನ ಇದ್ದು ಹೊರಡಬೇಕು."

ಹೆಂಡತಿಯ ಕೈ ಸೊಂಟದ ಕೀಲಿಕೈಯ ಮೇಲೆ ಹೋಯಿತು. "ತರಕಾರಿ ಹೆಚ್ಚೋಕೆ ಬೇಕಿತ್ತಪ್ಪಾ," ಎಂದಳು. "ಬೇರೇನೂ ಇರಲಿಲ್ಲ. ನಾನು ಯಾಕೆ ಹಾಗೆ ಯೋಚಿಸ್ಲಿ?" ಎಂದು ಚಿಕ್ಕ ಹುಡುಗಿಯಂತೆ ಅತ್ತಳು. ಸೌಟು ಇನ್ನೂ ಕೈಯಲ್ಲೇ ಇತ್ತು.

ಕಾನ್‌ಸ್ಟೇಬಲ್ಲು ಒಮ್ಮೆ ನನ್ನನ್ನು ನೋಡಿ, ಒಮ್ಮೆ ಮಾವನವರನ್ನು ನೋಡಿ, ವಶಪಡಿಸಿಕೊಂಡ ಆಯುಧವನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಒಪ್ಪಿಸಿದರು.

ಮಾವನವರು ಕನ್ನಡಕ ಏರಿಸಿ ಅಕ್ಷರ ಓದಿದರು. ಹೆಬ್ಬೆರಳು ತಾಗಿಸಿದರು. ಅಂಗಡಿಯಲ್ಲಿ ನನ್ನ ಬೆರಳಿಗೆ ತೆರೆದದ್ದು ಅವರ ಬೆರಳಿಗೆ ತೆರೆಯಬೇಕೆಂಬ ನಿಯಮವಿಲ್ಲ. ತೆರೆಯಿತು. ಟಕ್. ಮುಚ್ಚಿದರು. ಇನ್ನೊಮ್ಮೆ ತೆರೆದರು.

"ಮೊನೆ ಮೊಂಡು," ಎಂದರು.

"ಜೇಬು ಹರೀಬಾರದು ಅಂತ ಮಾವ."

"ಹೂಂ." ಎಡಗೈಯಲ್ಲೂ ತೆರೆದು ನೋಡಿದರು. "ಎಡಗೈಲೂ ಬರುತ್ತೆ."

ಬೀದಿಯಲ್ಲಿ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಹೆಂಡತಿ ತಟ್ಟನೆ ನೆಲಕ್ಕೆ ಕೂತು ಪೆಟ್ಟಿಗೆಯನ್ನು ಎಳೆದು ಗಂಟಿಗೆ ಕೈಹಾಕಿದಳು. ಉಗುರಿನಿಂದ ಎಳೆದಳು, ಸೌಟಿನ ಹಿಡಿ ತೂರಿಸಿದಳು, ಗಂಟು ಅಲುಗಲಿಲ್ಲ. ಕಾನ್‌ಸ್ಟೇಬಲ್ಲು ಹಲ್ಲು ಹಾಕಿ ನೋಡಿದರು. ಟೀಚರಮ್ಮ ಹೆಣಿಗೆಯ ಕಡ್ಡಿ ಚುಚ್ಚಿ, ಕಡ್ಡಿಯನ್ನು ಬಗ್ಗಿಸಿಕೊಂಡರು. ಮತ್ತೊಮ್ಮೆ ಹಾರ್ನ್.

"ಎಂಥಾ ಗಂಟು ಸ್ವಾಮಿ ಇದು?" ಎಂದರು ಕಾನ್‌ಸ್ಟೇಬಲ್ಲು ದವಡೆ ಹಿಡಿದುಕೊಂಡು.

"ಪಾರ್ಸಲ್ ಗಂಟು. ಕಟ್ಟೋದು ನಮ್ಮ ಇಲಾಖೆ. ಬಿಚ್ಚೋದು ನಮ್ಮ ಇಲಾಖೆ ಅಲ್ಲ," ಎಂದರು ಮಾವನವರು. ಮಂಚದಿಂದ ನಿಧಾನವಾಗಿ ಇಳಿದು ಮಗಳ ಪಕ್ಕದಲ್ಲಿ ಮಂಡಿಯೂರಿದರು. "ಕೈ ತೆಗಿ. ಕುಯ್ದುಬಿಟ್ಟೀತು."

ಒಂದು ಕೈಯಲ್ಲಿ ಹಗ್ಗ ಹಿಡಿದರು. ಇನ್ನೊಂದು ಕೈಯ ಚಾಕು ಒಂದೇ ಎಳೆತಕ್ಕೆ ಅದನ್ನು ದಾಟಿತು. ಎರಡನೆಯ ಸುತ್ತು, ಮೂರನೆಯದು. ತುಂಡುಗಳು ನೆಲದ ಮೇಲೆ ಬಿದ್ದವು.

"ಒಳ್ಳೇ ಹಗ್ಗ. ಇನ್ನು ಯಾತಕ್ಕೂ ಬರಲ್ಲ," ಎಂದು ಅವರು ಅಲಗನ್ನು ಪಂಚೆಗೆ ಒರೆಸಿ, ಮಡಚಿ, ತಾವೇ ಜೇಬಿಗೆ ಇಳಿಬಿಟ್ಟರು. "ಹೋಗಬೇಕು ಅಂದ್ರೆ ಹೊಸ ಹಗ್ಗ ತರಬೇಕು. ಈ ಮೊಣಕಾಲಲ್ಲಿ ಯಾರು ಹೋಗ್ತಾರೆ? ಅಳಿಯಂದ್ರೇ, ನೀವೇನಾದ್ರೂ ತಂದುಕೊಡ್ತೀರಾ?"

"ಇಲ್ಲ ಮಾವ," ಎಂದೆ.

"ಹಾಗಾದ್ರೆ ಅವನಿಗೆ ಹೋಗು ಅನ್ನಿ. ಪಾಪ, ಕಾಯ್ತಿದಾನೆ."

ಹೆಂಡತಿ ಆಗಲೇ ಹಗ್ಗದ ತುಂಡುಗಳನ್ನೆಲ್ಲ ಬಾಚಿ ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಯಾರಾದರೂ ಮತ್ತೆ ಗಂಟು ಹಾಕಿಯಾರು ಎಂಬ ಭಯ ಅವಳಿಗೆ. ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಟ್ಯಾಕ್ಸಿಯವನು ಡಿಕ್ಕಿ ತೆರೆದು ನಿಂತಿದ್ದ.

"ಎಲ್ಲಿ ಸಾರ್, ಅಜ್ಜ ಬರಲ್ವಾ?"

"ಇಲ್ಲಪ್ಪ. ಅವರು ಇಲ್ಲೇ ಇರ್ತಾರೆ," ಎಂದೆ.

ಅವನು ಡಿಕ್ಕಿ ಮುಚ್ಚಿ ಗಾಡಿ ಏರಿದ. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ, ಕಿಟಕಿಗೆ ಬಗ್ಗಿ ಅವನಿಗೆ ಇನ್ನೊಮ್ಮೆ ಹೇಳಿದೆ: "ಇಲ್ಲೇ ಇರ್ತಾರೆ."